ದಾಲ್ ಮಿಲ್ಲಿನ ರಾಕ್ ಬ್ಯಾಂಡು

ನಮ್ಮ ಮನೆಯಲ್ಲಿ ಹಾಲು ತಳ ಹಿಡಿದ ಪಾತ್ರೆ ಕೆರೆಯುವುದಕ್ಕೆ ಒಂದು ವಿಶೇಷ ಸಾಮಾನು ಇದೆ. ಹೆಬ್ಬೆರಳಿಗಿಂತ ತುಸು ಅಗಲವಾದ, ಮೂರು ಮೂಲೆಯ, ಕಪ್ಪು ಪ್ಲಾಸ್ಟಿಕ್ಕಿನ ಬಿಲ್ಲೆ. ಮದುವೆಯಾದ ಹೊಸದರಲ್ಲಿ ನನ್ನ ಹಳೆಯ ಜೀನ್ಸ್ ಪ್ಯಾಂಟನ್ನು ನೆನೆ ಹಾಕುವಾಗ ಜೇಬಿನಲ್ಲಿ ಸಿಕ್ಕಿತೆಂದು ಸಾವಿತ್ರಿ ಅದನ್ನು ಪಾತ್ರೆ ತೊಳೆಯುವ ಕಡೆ ತಂದಿಟ್ಟಳು. ಅಂದಿನಿಂದ ಅದರ ಸೇವೆ ನಡೆದೇ ಇದೆ. ಮೊನ್ನೆ ಬಾಸುಂದಿ ಮಾಡಲು ಹೋಗಿ ತಳ ಸೀದಾಗ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಭಾಳ ಛಲೋ ಕೆರೀತದ ನೋಡ್ರಿ. ಯಾವ ಅಂಗಡ್ಯಾಗ ತಂದಿದ್ರಿ? ಇನ್ನೆರಡು ತರ್ರಿ, ನಮ್ಮವ್ವಗೊಂದು ಕಳಸ್ತೀನಿ" ಎಂದಳು.

"ಅದು ಪಾತ್ರೆ ಕೆರೆಯೂದಲ್ಲ ಮಾರಾಯ್ತಿ, ಗಿಟಾರ್ ಬಾರಸೂದು. ನಾ ಮೊದಲ ರಾಕ್ ಬ್ಯಾಂಡಿನ್ಯಾಗ ಇದ್ದೆ" ಎಂದೆ.

ಸಾವಿತ್ರಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ನಾನು ಆಗ ಬನಿಯನ್ನು ಹಾಕಿಕೊಂಡು ಮೆಂತ್ಯದ ಸೊಪ್ಪು ಸೋಸುತ್ತ ಕುಳಿತಿದ್ದೆ. ಅವಳು ನಗಲು ಶುರು ಮಾಡಿದವಳು ಎಷ್ಟು ನಕ್ಕಳೆಂದರೆ ಒಲೆಯ ಮೇಲಿನ ಎರಡನೇ ಪಾತ್ರೆಯ ಹಾಲೂ ಸೀದುಹೋಯಿತು. ಆದ್ದರಿಂದ ಈ ಕಥೆಯನ್ನು ನಿಮಗೆ ಹೇಳುತ್ತಿದ್ದೇನೆ. ನೀವೂ ನಗುವುದಿದ್ದರೆ ನಗಿ, ಆದರೆ ಒಲೆಯ ಮೇಲೇನೂ ಇಡದೆ ಓದಿ.

ಮೊದಲೇ ಒಂದು ಮಾತು. ಬ್ಯಾಂಡು ಒಡೆದ ಕಥೆಗಳನ್ನು ಜನ ನಿಟ್ಟುಸಿರು ಬಿಟ್ಟು ಹೇಳುತ್ತಾರೆ. ನಮ್ಮದು ಹಾಗಲ್ಲ. ನಮ್ಮ ಬ್ಯಾಂಡು ಒಡೆದದ್ದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಬಿಗಿಯಾದ ಬೂಟು ಕಳಚಿದಷ್ಟು ಸುಖವಾಗುತ್ತದೆ.

ನಾವು ಕಲಬುರಗಿಯವರು ಗದ್ದಲದಲ್ಲಿ ಬೆಳೆದವರು. ಇದನ್ನು ದೂರಿನಂತೆ ಹೇಳುತ್ತಿಲ್ಲ. ನಾನು ಸಣ್ಣವನಿದ್ದಾಗ ನಮ್ಮ ಮನೆಯ ಕಿಟಕಿಗೆ ಒಂದು ತಗಡಿನ ಕೂಲರ್ ಇತ್ತು. ಅಪ್ಪ ಅದನ್ನು ಹೋಳಿಹುಣ್ಣಿಮೆ ಮುಗಿಯುತ್ತಲೇ ಚಾಲೂ ಮಾಡಿದರೆ ಮಳೆ ಹಿಡಿಯುವ ತನಕ ಅದು ಬಾಯಿ ಮುಚ್ಚುತ್ತಿರಲಿಲ್ಲ. ಅದರ ಮುಂದೆ ಕುಳಿತು ಉಣ್ಣುವುದು, ಅದರ ಮುಂದೆ ಮಲಗುವುದು, ಅದರ ಮೇಲೆ ದನಿ ಎತ್ತಿ ಮಾತಾಡುವುದು. ಮನೆಯಲ್ಲಿ ಯಾರಿಗೂ ಸಿಟ್ಟಿಲ್ಲದಿದ್ದರೂ ಎಲ್ಲರೂ ಒದರುತ್ತಿದ್ದೆವು. ಮಳೆಗಾಲ ಬಂದು ಕೂಲರ್ ಬಂದಾದ ದಿನ ನಮ್ಮಜ್ಜಿ ಎಲ್ಲರ ಮುಖ ನೋಡಿ, "ಯಾಕ ಎಲ್ಲಾರೂ ಸುಮ್ಮ ಕುಂತೀರಿ? ಜಗಳಾಡೀರೇನು?" ಎಂದು ಗಾಬರಿಯಾಗುತ್ತಿದ್ದಳು. ಇಂಥ ಮನೆಯಲ್ಲಿ ಬೆಳೆದವನು ಮುಂದೆ ರಾಕ್ ಸಂಗೀತಕ್ಕೆ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ ಎಂದು ನಮ್ಮ ಅಪ್ಪ ಆಮೇಲೆ ಹೇಳಿದ.

ಅಪ್ಪನದು ಜಗತ್ ಸರ್ಕಲ್ಲಿನ ಹತ್ತಿರ ಕನ್ನಡಕದ ಅಂಗಡಿ. ಈಗ ಅದು ನನ್ನದು. ನಮ್ಮ ಬ್ಯಾಂಡಿನ ಹಾಡುಗಾರ ಗೌತಮ ನನಗೆ ಸಿಕ್ಕಿದ್ದು ಆ ಅಂಗಡಿಯಲ್ಲೇ. ಖಾಸಗಿ ಶಾಲೆಯಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಮಾಸ್ತರ, ಊರು ಕಮಲಾಪುರ, ಇಲ್ಲಿ ಬಾಡಿಗೆ ಖೋಲಿ ಮಾಡಿಕೊಂಡಿದ್ದ. ಕಣ್ಣು ತೋರಿಸಲು ಬಂದವನನ್ನು ಕುರ್ಚಿಯಲ್ಲಿ ಕೂಡಿಸಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದು ಎಂದೆ. ಅವನು ಓದಲಿಲ್ಲ, ಹಾಡಿದ. ಮಕ್ಕಳಿಗೆ ಅಕ್ಷರಗಳನ್ನು ರಾಗವಾಗಿ ಕಲಿಸಿ ಕಲಿಸಿ ಅವನಿಗೆ ಅದೇ ರೂಢಿಯಾಗಿತ್ತು. ಹರಳೆಣ್ಣೆಯ ಜಾಹೀರಾತು ಕೂಗುತ್ತ ಹೋಗುತ್ತಿದ್ದ ಆಟೋ ಕೂಡ ಆ ಹೊತ್ತಿಗೆ ದೂರ ಹೋಗಿದ್ದರಿಂದ ಅಂಗಡಿಯಲ್ಲಿದ್ದ ಎಲ್ಲರಿಗೂ ಅದು ಕೇಳಿಸಿತು. ತೊಳೆದಿಟ್ಟ ಲೋಟದಂಥ ದನಿ. ಫ್ರೇಮ್ ಆರಿಸುತ್ತಿದ್ದ ಒಬ್ಬ ಹೆಣ್ಣುಮಗಳು ಕೈಯಲ್ಲಿದ್ದ ಫ್ರೇಮನ್ನು ಹಾಗೇ ಹಿಡಿದು ನಿಂತುಬಿಟ್ಟಳು. ಕೊನೆಯ ಸಾಲಿನಲ್ಲಿ ಅವನು ನಾಲ್ಕು ಅಕ್ಷರ ತಪ್ಪು ಹೇಳಿದ, ಆದರೆ ಶ್ರುತಿ ತಪ್ಪಲಿಲ್ಲ.

ಈ ದನಿಯನ್ನು ನಾವು ಏನು ಮಾಡಿದೆವು ಎನ್ನುವುದೇ ಮುಂದಿನ ಕಥೆ.

ಪಕ್ಕದಲ್ಲಿ ಮೊಬೈಲ್ ಕವರು ಮಾರುವ ಚಂದ್ರು ಇದ್ದ. ಫೋನಿನಲ್ಲಿ ನೋಡಿ ನೋಡಿ ಗಿಟಾರ್ ಕಲಿತಿದ್ದ. ಅವನ ಗೆಳೆಯ ಇಮ್ತಿಯಾಜ್ ಕೂಲರ್ ತಯಾರಿಸುವ ಕಾರ್ಖಾನೆಯಲ್ಲಿ ತಗಡು ಬಡಿಯುವವನು. ದಿನವಿಡೀ ಬಡಿದರೂ ಕೈ ದಣಿಯುವುದಿಲ್ಲ ಎನ್ನುವುದೇ ಅವನಿಗೆ ಡ್ರಮ್ಮು ಒಪ್ಪಿಸಲು ನಮಗಿದ್ದ ಕಾರಣ. ಇನ್ನು ನಾನು. ಆರು ತಂತಿಯ ಗಿಟಾರು ಚಂದ್ರುವಿನ ಹತ್ತಿರವಿತ್ತು. ನಾಲ್ಕು ತಂತಿಯ ಬೇಸ್ ಗಿಟಾರು ನನಗೆ ಬಂತು. "ಕಡಿಮಿ ತಂತಿ, ಕಡಿಮಿ ತಪ್ಪು" ಎಂದು ಚಂದ್ರು ಧೈರ್ಯ ಹೇಳಿದ. ರಾಕ್ ಯಾಕೆ, ಭಾವಗೀತೆ ಯಾಕಲ್ಲ ಎಂದು ಗೌತಮ ಕೇಳಿದ್ದಕ್ಕೂ ಅವನದೇ ಉತ್ತರ: "ಭಾವಗೀತಿಗೆ ಕಲ್ತಿರಬೇಕಾಗ್ತದ. ರಾಕಿಗೆ ಮನಸು ಇದ್ರ ಸಾಕು." ನಮ್ಮ ಬ್ಯಾಂಡಿಗೆ 'ಖಾರಬ್ಯಾಳಿ' ಎಂದು ಹೆಸರಿಟ್ಟೆವು. ಊರ ತೊಗರಿಗೆ ಗೌರವ ಸಲ್ಲಿಸಿದಂತೆಯೂ ಆಯಿತು, ರೊಟ್ಟಿ ಉಣ್ಣುವವರಿಗೆಲ್ಲ ನೆನಪಿರುವಂತೆಯೂ ಆಯಿತು.

ಹೆಸರಿಟ್ಟ ಮೇಲೆ ತಾಲೀಮಿಗೆ ಜಾಗ ಬೇಕಲ್ಲ. ನಮ್ಮ ಮಾಳಿಗೆಯ ಮೇಲೆ ಒಂದು ಸಂಜೆ ಬಾರಿಸಿದೆವು, ಪಕ್ಕದ ಮನೆಯವರು ಕೆಳಗೆ ಬಂದು ಅಪ್ಪನ ಹತ್ತಿರ ಯಾರಿಗಾದರೂ ಏನಾದರೂ ಆಯಿತೇ ಎಂದು ವಿಚಾರಿಸಿಕೊಂಡು ಹೋದರು. ಇಮ್ತಿಯಾಜನ ಮನೆಯಲ್ಲಿ ಒಂದು ಸಂಜೆ ಬಾರಿಸಿದೆವು, ಅವನ ಅಮ್ಮಿ ನಮಗೆ ಚಹಾ ಕೊಟ್ಟು, ಶೀರ್‌ಖುರ್ಮಾ ಕೊಟ್ಟು, ಮತ್ತೆ ಬರಬೇಡಿರೆಂದು ಪ್ರೀತಿಯಿಂದ ಹೇಳಿದರು. ಕಡೆಗೆ ದಾರಿ ತೋರಿಸಿದವರು ಇಮ್ತಿಯಾಜನ ಸೋದರಮಾವ ಖಾಜಾ ಮಾಮು. ಅವರು ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಮೇಸ್ತ್ರಿ. ಮಿಲ್ಲಿನ ಮೂಲೆಯಲ್ಲಿ ಖಾಲಿ ಚೀಲ ಒಟ್ಟುವ ಜಾಗವನ್ನು ನಮಗೆ ಬಿಟ್ಟುಕೊಟ್ಟರು. ಶರತ್ತು ಒಂದೇ.

"ಮಷೀನ್ ಚಾಲೂ ಇರೂ ತನಕಾ ಏನರ ಮಾಡ್ಕೋರಿ. ಮಷೀನ್ ಬಂದ್ ಆತಂದ್ರ ನಿಮ್ದೂ ಬಂದ್. ಹಿಂದ ಸೇಠ್ ಮನಿ ಅದ. ಮಷೀನ್ ಸಪ್ಪಳಕ್ಕ ಅವರಿಗಿ ಛಲೋ ನಿದ್ದಿ ಹತ್ತತದ, ಸಪ್ಪಳ ನಿಂತ್ರ ಎದ್ದು ಬರ್ತಾರ. ಸಮಝೇ ಕ್ಯಾ?"

ಸಮಝೇ ಎಂದೆವು. ಹೀಗೆ ಪ್ರತಿ ಭಾನುವಾರ ಮಧ್ಯಾಹ್ನ, ಮಿಲ್ಲು ಜೋರಾಗಿ ನಡೆಯುತ್ತಿರುವಾಗ ಮಾತ್ರ, ನಾವು ಬಾರಿಸಲು ಕಲಿತೆವು.

ದಾಲ್ ಮಿಲ್ಲಿನ ಒಳಗೆ ಹೋದವರಿಗೆ ಗೊತ್ತಿರುತ್ತದೆ, ಅಲ್ಲಿ ಒಂದು ಸಪ್ಪಳವಲ್ಲ, ಸಪ್ಪಳಗಳ ಒಂದು ಕೂಡುಕುಟುಂಬವೇ ಇರುತ್ತದೆ. ಕಾಳು ಮೇಲೇರುವ ಸಪ್ಪಳ, ಸಿಪ್ಪೆ ಹಾರುವ ಸಪ್ಪಳ, ಮೋಟರಿನ ಗುಂಯ್ ಎನ್ನುವ ದನಿ. ಎಲ್ಲಕ್ಕಿಂತ ಹಿರಿಯದು ಬೇಳೆ ಸೋಸುವ ದೊಡ್ಡ ಜಾಲರಿ. ಧಡಕ್ ಧಡಕ್ ಎಂದು ಒಂದೇ ಅಳತೆಯಲ್ಲಿ ಅದು ಮುಂದಕ್ಕೂ ಹಿಂದಕ್ಕೂ ಅಲ್ಲಾಡುತ್ತಿತ್ತು. ಇಮ್ತಿಯಾಜ್ ಅದರ ಎಡಕ್ಕೆ ಕೂರುತ್ತಿದ್ದ. ಅವನ ತಾಳ ಎಂದೂ ತಪ್ಪುತ್ತಿರಲಿಲ್ಲ. ಎಂಥ ಕೈ ಇವನದು ಎಂದು ನಾವು ಬೆರಗಾಗುತ್ತಿದ್ದೆವು. ನನ್ನ ಬೇಸ್ ಗಿಟಾರಿನ ಗಂಭೀರ ನಾದ ಕೇಳಿ ನನಗೆ ನನ್ನ ಮೇಲೇ ಗೌರವ ಬರುತ್ತಿತ್ತು. ಅದು ಮೋಟರಿನ ನಾದವೆಂದು ನನಗೆ ಹೊಳೆಯಲೇ ಇಲ್ಲ. ತಂತಿ ಬಿಟ್ಟು ಬೆವರು ಒರೆಸಿಕೊಳ್ಳುವಾಗಲೂ ಅದು ನಿಲ್ಲುತ್ತಿರಲಿಲ್ಲವಲ್ಲ ಎಂಬ ಸಣ್ಣ ಅನುಮಾನವನ್ನು, ಪ್ರತಿಧ್ವನಿ ಇರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದೆ.

ಗೌತಮ ಇವೆಲ್ಲದರ ಮೇಲೆ ಹಾಡಬೇಕಿತ್ತು. ಮೊದಲ ತಿಂಗಳು ಅವನ ತುಟಿ ಅಲ್ಲಾಡುವುದು ಕಾಣುತ್ತಿತ್ತು, ಹಾಡು ಕೇಳುತ್ತಿರಲಿಲ್ಲ. "ಜೋರ್ ಹಾಡಪಾ" ಎಂದೆವು. ಜೋರಾಗಿ ಹಾಡಿದ. "ಇನ್ನಾ ಜೋರ್" ಎಂದೆವು. ಕತ್ತಿನ ನರ ಉಬ್ಬುವಂತೆ ಹಾಡಿದ. ವರ್ಷ ಕಳೆಯುವಷ್ಟರಲ್ಲಿ ಅವನ ದನಿಯಲ್ಲಿ ಒಂದು ಒಡಕು ಬಂತು. ಅವನು ಮುಜುಗರದಿಂದ ಗಂಟಲು ಮುಟ್ಟಿಕೊಂಡು ನಮ್ಮ ಕಡೆ ನೋಡಿದಾಗ, ಆ ಮಾತು ಆಡಿದವನು ನಾನೇ. ಚಂದ್ರು ಅಲ್ಲ, ಇಮ್ತಿಯಾಜ್ ಅಲ್ಲ.

"ಈಗ ಬಂತು ನೋಡು ದನಿ! ಇಷ್ಟ ದಿನಾ ಮಾಸ್ತರ ದನಿ ಇತ್ತು, ಈಗ ಖರೇ ರಾಕ್ ದನಿ ಆತು."

ಗೌತಮನ ಮುಖ ಅರಳಿತು. ತಾಲೀಮು ಮುಗಿದ ಮೇಲೆ ಹುಮನಾಬಾದ್ ರಸ್ತೆಯ ಬಂಡಿಯಲ್ಲಿ ಮಿರ್ಚಿ ಭಜಿ ತಿನ್ನುವುದು ನಮ್ಮ ಪದ್ಧತಿ. ಅಂದು ಅವನು ಕೆಮ್ಮುತ್ತ ಬೇಡವೆಂದರೂ ನಾನು ಒತ್ತಾಯ ಮಾಡಿ ಎರಡು ಹೆಚ್ಚಿಗೆ ತಿನ್ನಿಸಿದೆ. ಖಾರ ತಿಂದಷ್ಟೂ ದನಿ ಒಡೆಯುತ್ತದೆ ಎಂಬುದು ನನ್ನ ಸಂಶೋಧನೆ. ಕಣ್ಣು ಪರೀಕ್ಷೆ ಮಾಡುವವನಿಗೆ ಗಂಟಲಿನ ವಿಷಯದಲ್ಲಿ ಅಷ್ಟೊಂದು ಆತ್ಮವಿಶ್ವಾಸ ಎಲ್ಲಿಂದ ಬಂತೋ ಕಾಣೆ. ಆ ಭಜಿಗಳನ್ನು ನೆನೆಸಿಕೊಂಡರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ನಮ್ಮ ಉತ್ಕರ್ಷದ ಕಾಲವನ್ನೂ ಹೇಳಿಬಿಡಬೇಕು, ಅದು ಬಹಳ ಉದ್ದವಿಲ್ಲ. ಮೊದಲು ಫೋಟೊ ತೆಗೆಸಿಕೊಂಡೆವು. ಕೋಟೆಯೊಳಗೆ ಹೋಗಿ, ನಾಲ್ವರೂ ಕಪ್ಪು ಅಂಗಿ ತೊಟ್ಟು, ನನ್ನ ಅಂಗಡಿಯ ಕಪ್ಪು ಕನ್ನಡಕ ಹಾಕಿಕೊಂಡು, ಏಪ್ರಿಲ್ ತಿಂಗಳ ಬಿಸಿಲಲ್ಲಿ ನಗದೆ ನಿಂತೆವು. ಹಾದುಹೋಗುತ್ತಿದ್ದ ಒಬ್ಬ ಅಜ್ಜ ಬಹಳ ಮರುಕದಿಂದ ಇಮ್ತಿಯಾಜನ ಕೈ ಹಿಡಿದು ಮೆಟ್ಟಿಲು ಇಳಿಸಿಕೊಟ್ಟರು. ಫೋಟೊ ಬಂದಾಗ ನೋಡಿದರೆ ನನ್ನ ಕನ್ನಡಕದ ಗಾಜಿನ ಮೇಲಿನ ಚೀಟಿ ಕಿತ್ತಿರಲಿಲ್ಲ.

ಆಮೇಲೆ ಜಗತ್ತಿನಲ್ಲಿ ಕಾರ್ಯಕ್ರಮ. ಜಗತ್ತು ಎಂದರೆ ವಿಶ್ವವಲ್ಲ, ನಮ್ಮ ಜಗತ್ ಸರ್ಕಲ್ಲು. ಇಮ್ತಿಯಾಜನ ಸಂಬಂಧಿಕರೊಬ್ಬರ ಕೂಲರ್ ಅಂಗಡಿ ಶುರುವಾಗುವ ದಿನ ಅದರ ಮುಂದೆ ಬಾರಿಸಿದೆವು. ಗಿರಾಕಿಗಳಿಗೆ ತೋರಿಸಲೆಂದು ಅಂಗಡಿಯ ಕೂಲರ್‌ಗಳೆಲ್ಲ ಒಟ್ಟಿಗೆ ಚಾಲೂ ಇದ್ದವು, ಎದುರಿಗೆ ಬಸ್ಸು, ಆಟೋ, ಹಾರ್ನು. ಏನು ಹೇಳಲಿ, ಕಾರ್ಯಕ್ರಮ ಅದ್ಭುತವಾಯಿತು! ಮಂದಿ ಕುಣಿದರು. ಗೌತಮ ಬರೆದ "ಬಿಸಲೇ ಬಿಸಲೇ, ನಮ್ಮ ಮ್ಯಾಲ ಯಾಕ ನಿನಗ ಇಷ್ಟು ಪ್ರೀತಿ" ಎಂಬ ಹಾಡನ್ನು ಎರಡು ಸಲ ಹಾಡಿಸಿದರು. ಇಂಥ ಯಶಸ್ಸಿನ ಕಾರಣವೇನೆಂದು ನಾವು ಯೋಚಿಸಲಿಲ್ಲ. ಯಶಸ್ಸು ಬಂದಾಗ ಯಾರು ಕಾರಣ ಹುಡುಕುತ್ತಾರೆ ಹೇಳಿ?

ಇಲ್ಲಿ ಒಂದು ಗುಟ್ಟು. ನನಗೆ ರಾಕ್ ಸಂಗೀತ ಎಂದೂ ಸೇರಲಿಲ್ಲ. ಗೆಳೆಯರು ಸೇರುತ್ತಾರೆಂದು ಸೇರಿದ್ದೆ. ಬೆರಳಲ್ಲಿ ಬೊಬ್ಬೆ, ತಲೆಯಲ್ಲಿ ತೊಗರಿ ಧೂಳು, ಭಾನುವಾರದ ಊಟದ ನಂತರದ ನಿದ್ದೆ ಹಾಳು. ಪ್ರತಿ ಭಾನುವಾರ ಬೆಳಿಗ್ಗೆ ಎದ್ದಾಗ ಸಣ್ಣದೊಂದು ಜ್ವರ ಬಂದಿರಲಿ ಎಂದು ಹಣೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಆದರೆ ಬಿಡುತ್ತೇನೆಂದು ಹೇಳುವುದು ಹೇಗೆ? ಗೌತಮ ಹಾಡು ಬರೆದು ತರುತ್ತಿದ್ದ, ಇಮ್ತಿಯಾಜ್ ಡ್ರಮ್ಮನ್ನು ಕೂಸಿನಂತೆ ಒರೆಸುತ್ತಿದ್ದ, ಚಂದ್ರು ಕೂದಲು ಬಿಟ್ಟಿದ್ದ. ಇವರ ಮನಸ್ಸು ಮುರಿಯುವವನು ನಾನಾಗಬಾರದು ಎಂದು ಎರಡು ವರ್ಷ ತಂತಿ ಮೀಟಿದೆ.

ಕಮಲಾಪುರದ ಕಾಲೇಜೊಂದರಿಂದ ಕರೆ ಬಂದದ್ದು ಆಗಲೇ. ಗೌತಮ ಓದಿದ ಕಾಲೇಜು ಅದು, ವರ್ಷದ ಗ್ಯಾದರಿಂಗಿಗೆ ನೀವು ಬರಬೇಕು ಎಂದರು. ನಾವು ಟಂಟಂ ಆಟೋ ಒಂದನ್ನು ಬಾಡಿಗೆಗೆ ಮಾಡಿಕೊಂಡು, ಡ್ರಮ್ಮು ಕಟ್ಟಿಕೊಂಡು ಮಧ್ಯಾಹ್ನಕ್ಕೇ ಹೋದೆವು. ಕಾಲೇಜಿನ ಮುಂದಿನ ಬಯಲಲ್ಲಿ ಶಾಮಿಯಾನ. ಮುಂದಿನ ಸಾಲಿನಲ್ಲಿ ಊರ ಹಿರಿಯರು, ಅವರ ನಡುವೆ ಗೌತಮನ ಅವ್ವ ರತ್ನಾಬಾಯಿ. ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಣ್ಣುಮಗಳು. ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ಮಗನ ಹಾಡು ಕೇಳಲು ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದಳು.

ನಮ್ಮ ಹೆಸರು ಕರೆದರು. ಮೇಲೆ ಹತ್ತಿದೆವು. ಎಲ್ಲರೂ ಸುಮ್ಮನಾದರು.

ಆ ನಿಶ್ಶಬ್ದ ಎಷ್ಟು ಪೂರ್ತಿಯಾಗಿತ್ತೆಂದರೆ ಶಾಮಿಯಾನದ ಹಗ್ಗ ಗಾಳಿಗೆ ಕಿರ್ ಎನ್ನುವುದು ಕೇಳಿಸಿತು. ಇಮ್ತಿಯಾಜ್ ಎರಡೂ ಕೋಲು ಎತ್ತಿದ. ಎತ್ತಿದವನು ಹಾಗೇ ಹಿಡಿದು ಕುಳಿತ.

"ಚಾಲೂ ಮಾಡೋ" ಎಂದ ಚಂದ್ರು ಹಲ್ಲು ಕಚ್ಚಿ.

"ಯಾವುದರ ಮ್ಯಾಲ ಮಾಡ್ಲಿ?" ಎಂದು ಇಮ್ತಿಯಾಜ್ ದಿಕ್ಕು ತಪ್ಪಿದವನಂತೆ ಬಲಕ್ಕೆ ತಿರುಗಿ ನೋಡಿದ. ಕಪನೂರಿನಲ್ಲಿ ಅವನ ಬಲಕ್ಕೆ ಜಾಲರಿ ಇರುತ್ತಿತ್ತು. ಇಲ್ಲಿ ಪ್ರಿನ್ಸಿಪಾಲರು ಇದ್ದರು.

ಕಡೆಗೆ ಹೇಗೋ ಶುರು ಮಾಡಿದೆವು. ನಾಲ್ಕು ಸಾಲು ಹೋಗುವುದರೊಳಗೆ ನಾವು ನಾಲ್ವರು ನಾಲ್ಕು ಕಡೆ ಇದ್ದೆವು. ಇಮ್ತಿಯಾಜ್ ಹೆದರಿ ಓಡುತ್ತಿದ್ದ, ಚಂದ್ರು ಅವನನ್ನು ಬೆನ್ನಟ್ಟುತ್ತಿದ್ದ. ನನ್ನ ಬೇಸಿನಿಂದ ಸಡಿಲವಾದ ನುಲಿಯ ಹೊರಸಿನ ಮೇಲೆ ಯಾರೋ ಹೊರಳಾಡಿದಂಥ ಸಪ್ಪಳ ಬರುತ್ತಿತ್ತು. ಎರಡು ವರ್ಷದಲ್ಲಿ ನಾನು ಅದನ್ನು ಕೇಳಿದ್ದು ಅದೇ ಮೊದಲು. ಹುಡುಗರು ನಗತೊಡಗಿದರು. ನಗಲಿ, ನಾನಾದರೂ ನಗುತ್ತಿದ್ದೆ.

ಆಗ ಗೌತಮ ಹಾಡಿದ. ಹುಡುಗರ ನಗು ನಿಂತಿತು.

ಅದು ರಾಕ್ ದನಿಯಲ್ಲ, ಯಾವ ದನಿಯೂ ಅಲ್ಲ. ಬಾಯಿ ತೆರೆದು ಅವನು ಕಷ್ಟಪಡುತ್ತಿದ್ದ, ಒಳಗಿನಿಂದ ಗಾಳಿ ಮಾತ್ರ ಒರಟಾಗಿ ಹರಿದು ಬರುತ್ತಿತ್ತು. ನಡುನಡುವೆ ಒಂದು ಅಕ್ಷರ ಹೊಳೆದು ಮತ್ತೆ ಮುಳುಗುತ್ತಿತ್ತು. ಅಕ್ಷರಗಳನ್ನು ಹಾಡಿ ನನ್ನ ಅಂಗಡಿಯನ್ನು ನಿಲ್ಲಿಸಿದ್ದ ಮನುಷ್ಯ ಇವನೇ ಎಂದು ನೆನಪಾಗಿ ನನ್ನ ಕೈ ತಂತಿಯ ಮೇಲೆ ಸತ್ತುಹೋಯಿತು.

ರತ್ನಾಬಾಯಿ ಎದ್ದು ವೇದಿಕೆಯ ಮೆಟ್ಟಿಲ ಹತ್ತಿರ ಬಂದಳು.

"ಗೌತಮಾ, ನಿನ್ನ ದನಿ ಏನಾತೋ?"

"ಏನಿಲ್ಲಬೇ, ಶೀತ ಆಗ್ಯಾದ."

"ಫೋನಿನ್ಯಾಗೂ ಶೀತ ಅಂದಿ, ನೆಟ್‌ವರ್ಕ್ ಇಲ್ಲ ಅಂದಿ. ಶೀತದ ದನಿ ನನಗ ಗೊತ್ತಿಲ್ಲೇನು? ಇಳಿ ಕೆಳಗ."

"ಕಾರ್ಯಕ್ರಮ ನಡದದ ಅವ್ವಾ..."

"ನಡೀಲಿ. ನೀ ಇಳಿ."

ಅವನು ಇಳಿದ. ಆಮೇಲೆ ಅವಳು ನಮ್ಮ ಮೂವರ ಕಡೆ ತಿರುಗಿದಳು. ಸಿಟ್ಟಿನಿಂದ ಕೇಳಿದ್ದರೆ ತಡೆದುಕೊಳ್ಳಬಹುದಿತ್ತು, ತಿಳಿಯದೆ ಕೇಳುವವಳಂತೆ ಕೇಳಿದಳು: "ಎರಡು ವರ್ಸ ಜೋಡೀಲೆ ಇದ್ರಲ್ಲಪಾ, ನಿಮಗ್ಯಾರಿಗೂ ಕೇಳಸ್ಲಿಲ್ಲೇನು?"

ಕೇಳಿಸಿರಲಿಲ್ಲ. ಒಡಕು ಕೇಳಿಸಿತ್ತು, ದನಿಯೇ ಹೋಗುತ್ತಿದ್ದದ್ದು ಕೇಳಿಸಿರಲಿಲ್ಲ. ಮಷೀನ್ ಚಾಲೂ ಇದ್ದಾಗ ಮಾತ್ರ ಹಾಡಿದವರಿಗೆ ಏನು ಕೇಳಿಸುತ್ತದೆ?

ಕಾಲೇಜಿನವರು ಒಳ್ಳೆಯವರು. ಕಾರ್ಯಕ್ರಮ ಅರ್ಧಕ್ಕೆ ನಿಂತರೂ ಶಾಲು ಹೊದಿಸಿ ಕೆಂಪು ಬಾಳೆಯ ಒಂದು ಗೊನೆ ಕೊಟ್ಟು ಕಳಿಸಿದರು. ಸಂಜೆಯಾಗುವ ಮೊದಲೇ ಟಂಟಂ ಹೊರಟಿತು. ಮಗನನ್ನು ದವಾಖಾನೆಗೆ ತೋರಿಸದೆ ಬಿಡುವುದಿಲ್ಲವೆಂದು ರತ್ನಾಬಾಯಿಯೂ ನಮ್ಮ ಜೊತೆ ಹೊರಟಳು. ಮುಂದೆ ಚಾಲಕನ ಪಕ್ಕದಲ್ಲಿ ಬಾಳೆಗೊನೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು, "ಒಂದು ಅಕ್ಷರ ಮಾತಾಡೀದಿ ಅಂದ್ರ ನೋಡು" ಎಂದು ಹಿಂದಕ್ಕೆ ತಿರುಗಿ ಅವನನ್ನು ಗದರಿಸಿದಳು.

ಗೌತಮ ಜೇಬಿನಿಂದ ಮಡಚಿದ ಚೀಟಿ ತೆಗೆದು ನನ್ನ ಕೈಗಿಟ್ಟ. ಗಂಟಲಿನ ಡಾಕ್ಟರ ಚೀಟಿ. ಅವನು ಒಂದು ತಿಂಗಳ ಹಿಂದೆಯೇ ಹೋಗಿ ತೋರಿಸಿಕೊಂಡು ಬಂದಿದ್ದ. ಮೊಬೈಲಿನಲ್ಲಿ ಟೈಪು ಮಾಡಿ ಕೊಡುತ್ತ ಹೋದ, ಚಂದ್ರು ಓದುತ್ತ ಹೋದ.

"ದನಿಯ ನರದ ಮ್ಯಾಲ ಗಂಟು ಆಗ್ಯಾವಂತ. ಒದರೂದು ಬಿಡಬೇಕಂತ. ಬಿಡದಿದ್ರ ಆಪರೇಷನ್ ಅಂತ. ಆಪರೇಷನ್ ಆದ್ರೂ ಮೊದಲಿನಂಗ ಆಗ್ತದಂತ ಗ್ಯಾರಂಟಿ ಇಲ್ಲಂತ."

"ಮತ್ತ ಯಾಕ ಹೇಳಲಿಲ್ಲೋ?" ಎಂದೆ.

ಗೌತಮ ಬಹಳ ಹೊತ್ತು ಟೈಪು ಮಾಡಿದ. ಚಂದ್ರು ಓದಿದ: "ನಾ ಬಿಟ್ರ ಬ್ಯಾಂಡ್ ಮುರೀತದ. ನೀವು ಮೂರು ಮಂದಿ ಇಷ್ಟು ಜೀವ ಇಟ್ಟೀರಿ. ಹ್ಯಾಂಗ ಹೇಳ್ಲಿ?"

ಟಂಟಂ ಎರಡು ತಗ್ಗು ದಾಟಿತು. ಕಡೆಗೆ ಇಮ್ತಿಯಾಜ್ ಡ್ರಮ್ಮಿನ ಮೇಲೆ ತಲೆ ಇಟ್ಟು, "ಯಾ ಅಲ್ಲಾ" ಎಂದ. "ನಾ ಆರು ತಿಂಗಳಿಂದ ಬಿಡಬೇಕಂತ ಮಾಡೀನಿ. ಹಗಲೆಲ್ಲ ತಗಡ ಬಡದು, ಐತಾರ ಮತ್ತ ಬಡಿಯೂದು ಅಂದ್ರ... ನಿಮಗ ಬ್ಯಾಸರಾಗ್ತದಂತ ಸುಮ್ನಿದ್ದೆ."

"ನಾ ಒಂದು ವರ್ಸದಿಂದ" ಎಂದ ಚಂದ್ರು. "ಈ ಕೂದ್ಲಾ ನೋಡಿ ನಮ್ಮ ಮನ್ಯಾಗ ಯಾರೂ ಮಾತಾಡಸವಲ್ರು."

ಮೂವರೂ ನನ್ನ ಕಡೆ ನೋಡಿದರು.

"ನಾ ಮೊದಲನೇ ದಿನದಿಂದ" ಎಂದೆ.

ಗೌತಮ ನಗತೊಡಗಿದ. ಹೊಟ್ಟೆ ಹಿಡಿದು, ಕಣ್ಣೀರು ಸುರಿಸುತ್ತ, ಸದ್ದೇ ಇಲ್ಲದೆ ನಕ್ಕ. ನಾವೂ ನಕ್ಕೆವು. ಎರಡು ವರ್ಷ ನಾಲ್ಕು ಜನ ಗಂಡಸರು ಯಾರಿಗೂ ಬೇಡವಾದ ಬ್ಯಾಂಡನ್ನು ಒಬ್ಬರಿಗೊಬ್ಬರು ನೋಯಬಾರದೆಂದು ಹೊತ್ತುಕೊಂಡು ತಿರುಗಿದ್ದೆವು! ಮುಂದೆ ಕುಳಿತ ರತ್ನಾಬಾಯಿಗೂ ನಗು ತಡೆಯಲಾಗಲಿಲ್ಲ. "ಹುಚ್ಚು ಖೋಡಿಗಳು" ಎಂದು ಹಿಂದಕ್ಕೆ ಕೈಚಾಚಿ ಒಬ್ಬೊಬ್ಬರಿಗೂ ಒಂದೊಂದು ಬಾಳೆಹಣ್ಣು ಕೊಟ್ಟಳು. ಕಪನೂರು ಬರುವಷ್ಟರಲ್ಲಿ ಬ್ಯಾಂಡು ಮುಗಿದಿತ್ತು. "ಹಂಗಾರ ಈ ಸಾಮಾನು ಎಲ್ಲಿ ಇಳಸ್ಲಿ?" ಎಂದು ಟಂಟಂನವನು ಕೇಳಿದ್ದೊಂದೇ ಉಳಿದ ಪ್ರಶ್ನೆ.

ಸಾಮಾನು ಮಿಲ್ಲಿನಲ್ಲೇ ಇಳಿಸಿದೆವು. ಸುದ್ದಿ ಕೇಳಿ ಖಾಜಾ ಮಾಮು ಎರಡೂ ಕೈ ಮೇಲೆತ್ತಿ, "ಶುಕರ್ ಹೈ" ಎಂದರು. ಸೇಠರು ನಿದ್ದೆಗಣ್ಣಿನಲ್ಲಿ ನಮ್ಮ ಸಂಗೀತ ಕೇಳಿ ಮಷೀನು ಕೆಟ್ಟಿದೆ ಎಂದು ಎರಡು ಸಲ ಬೇರಿಂಗ್ ಬದಲಾಯಿಸಿದ್ದರಂತೆ. ಪಾಪ, ಮಾಮು ಅದನ್ನೂ ನಮಗೆ ಹೇಳಿರಲಿಲ್ಲ. ನಮಗೆ ಬೇಸರವಾದೀತು ಎಂದು!

ನಿರಾಳವಾಯಿತು, ನಿಜ. ಆದರೆ ನನಗೆ ಅರ್ಧ ಮಾತ್ರ. ಉಳಿದ ಅರ್ಧ ಗೌತಮನ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಡಾಕ್ಟರು ಮೂರು ವಾರ ಪೂರ್ತಿ ಮೌನ ಎಂದರು. ಪಿಸುಗುಟ್ಟುವಂತೆಯೂ ಇಲ್ಲ. ಅದು ಮುಗಿದ ಮೇಲೆ ನೋಡಿ, ಗಂಟು ಸಣ್ಣದಾಗಿದೆ, ಆದರೂ ಇನ್ನಷ್ಟು ದಿನ ಅಳತೆಯ ಮಾತು ಸಾಕು ಎಂದರು. ಅವನು ಅಳತೆಯ ಮಾತೂ ಬೇಡವೆಂದು ಬಾಯಿ ಮುಚ್ಚಿಕೊಂಡೇ ಇದ್ದ. ಶಾಲೆಯಲ್ಲಿ ಅವನಿಗೆ ಕೆಲಕಾಲ ಪೇಪರು ತಿದ್ದುವ ಕೆಲಸ ಕೊಟ್ಟರು. ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ದನಿ ಬಾರದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮುಖ್ಯೋಪಾಧ್ಯಾಯಿನಿ ನೊಂದುಕೊಂಡೇ ಹೇಳಿದರು. ಮಾತಿಲ್ಲದ ಮಾಸ್ತರನಿಂದ ಸಣ್ಣ ಮಕ್ಕಳು ಏನು ಕಲಿತಾವು? ರಜೆಯಲ್ಲಿ ಅವನು ಕಮಲಾಪುರಕ್ಕೆ ಹೋಗಿ ಅವ್ವನ ಹತ್ತಿರ ಉಳಿದ.

ಮೇ ತಿಂಗಳಲ್ಲಿ ಒಂದು ದಿನ ನೋಡಲು ಹೋದೆ. ಕಟ್ಟೆಯ ಮೇಲೆ ನಮ್ಮಿಬ್ಬರನ್ನೂ ಕೂಡಿಸಿ ರತ್ನಾಬಾಯಿ ಅಂಗನವಾಡಿಗೆ ಹೋದಳು. ಅವನ ತೊಡೆಯ ಮೇಲೆ ಒಂದು ಪಾಟಿ, ಬಳಪ. ಕರೆಂಟು ಹೋಗಿದ್ದರಿಂದ ಫ್ಯಾನೂ ಇರಲಿಲ್ಲ. ನಮ್ಮಿಬ್ಬರ ಸ್ನೇಹದಲ್ಲಿ ಅಷ್ಟೊಂದು ಸದ್ದಿಲ್ಲದ ಹೊತ್ತು ಅದೇ ಮೊದಲನೆಯದು. ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತನ್ನು ಹೇಳಿದೆ.

"ತಪ್ಪು ನಂದು ಗೌತಮ್. ರಾಕ್ ದನಿ ಅಂತ ಹುಚ್ಚ ಹಿಡಸ್ದಾಂವ ನಾ. ಭಜಿ ತಿನಸ್ದಾಂವನೂ ನಾ. ನಿನ್ನ ದನಿ ಬರಲಿಲ್ಲಂದ್ರ ನಾ ಏನ್ ಮಾಡ್ಲಿ?"

ಅವನು ಪಾಟಿಯ ಮೇಲೆ ಬರೆದ. ಅಂಗೈಯಿಂದ ಒರೆಸಿದ. ಮತ್ತೆ ಬರೆದು ನನ್ನ ಕಡೆ ತಿರುಗಿಸಿದ. 'ನಿನ್ನ ಬೇಸ್ ಎರಡು ವರ್ಸ ನನಗ ಕೇಳಸ್ಲಿಲ್ಲ. ಅದಕ್ಕ ಇದು ಮಾಫ್.'

ನಾನು ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ಅವನು ಪಾಟಿ ಪಕ್ಕಕ್ಕಿಟ್ಟು ನನ್ನ ಬೆನ್ನ ಮೇಲೆ ಕೈ ಇಟ್ಟ. ಅವನ ಮುಖದಲ್ಲಿಯೂ ಹೆದರಿಕೆ ಇತ್ತು, ಅದನ್ನು ಅವನು ಬರೆಯಲಿಲ್ಲ.

ಅಲ್ಲಿಂದ ಮುಂದೆ ದಿನ ಎಣಿಸುವುದೇ ನನ್ನ ಕೆಲಸವಾಯಿತು. ಅವನು ಮೆಸೇಜು ಕಳಿಸುತ್ತಿದ್ದ: ಉಂಡೆ, ಮಲಗಿದೆ, ಡಾಕ್ಟರು ಹೇಳಿದ ಹಾಗೆ ಉಸಿರಿನ ವ್ಯಾಯಾಮ ಮಾಡಿದೆ. ದನಿಯ ವಿಷಯ ಬರೆಯುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಮತ್ತೊಮ್ಮೆ ತೋರಿಸಲು ಅವ್ವನ ಜೊತೆ ಬರುತ್ತೇನೆಂದು ಬರೆದ ದಿನ ನಾನು ಅಂಗಡಿಯಲ್ಲಿ ಒಬ್ಬರ ಗಾಜನ್ನು ಇನ್ನೊಬ್ಬರ ಫ್ರೇಮಿಗೆ ಕೂಡಿಸಿ ಇಬ್ಬರಿಂದಲೂ ಬೈಸಿಕೊಂಡೆ.

ಶಾಲೆ ತೆರೆಯಲು ನಾಲ್ಕು ದಿನವಿತ್ತು. ಕೊರಿಯರ್‌ನಿಂದ ಗಾಜಿನ ಡಬ್ಬಿ ತರಲು ಜಗತ್ ಸರ್ಕಲ್ಲು ದಾಟುತ್ತಿದ್ದೆ. ಎರಡು ಕಡೆಯಿಂದ ಬಸ್ಸು, ನಡುವೆ ಆಟೋಗಳು, ಯಾವುದೋ ಗಾಡಿಯ ಮೇಲೆ ಧ್ವನಿವರ್ಧಕ. ಫೋನು ನಡುಗಿತು. ತೆಗೆದು ನೋಡಿದರೆ ಗೌತಮನ ಹೆಸರು. ಮೂರು ತಿಂಗಳಿಂದ ಆ ನಂಬರಿನಿಂದ ಮೆಸೇಜು ಬಂದಿತ್ತೇ ಹೊರತು ಕರೆ ಬಂದಿರಲಿಲ್ಲ. ರತ್ನಾಬಾಯಿಯೇ ಮಾಡಿದ್ದಾಳೆ, ಡಾಕ್ಟರು ಕೈಚೆಲ್ಲಿದ್ದಾರೆ ಎಂದುಕೊಂಡೆ. ರಸ್ತೆಯ ನಡುವೆಯೇ ನಿಂತು ಇದ್ದಬದ್ದ ಶಕ್ತಿಯಲ್ಲಿ ಕೂಗಿದೆ:

"ಅವ್ವಾ! ಏನಂದ್ರು ಡಾಕ್ಟರು? ಅವ್ವಾ, ಹಲೋ! ಕೇಳಸಾಕತ್ತದೇನ್ರಿ?"

ಆಚೆಯಿಂದ, ಅಷ್ಟು ಹಾರ್ನುಗಳ ನಡುವೆ, ತಗ್ಗಿದ ದನಿಯಲ್ಲಿ, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ, ತಿಳಿಯಾಗಿ ಬಂತು.

"ಒದರಬ್ಯಾಡಲೇ. ನಾ ಗೌತಮ. ಛಂದ ಕೇಳಸ್ತದ."